ತೆರ್ಮೆ ತೊಪ್ಪು: ಗುರುತಿಸುವ, ಕೊಯ್ಯುವ, ತೋಡಿನ ಬದಿಯಲ್ಲಿ ಉಳಿಸಿಕೊಳ್ಳುವ ಬಗೆ

ಕೊಡಗಿನಲ್ಲಿ ಮುಂಗಾರು ಬಲವಾಗಿ ಹಿಡಿದು ಗದ್ದೆಗಳಲ್ಲಿ ನಾಟಿಯ ಕೆಲಸ ಆರಂಭವಾಗುವ ಹೊತ್ತಿಗೆ, ತೋಡಿನ, ಅಂದರೆ ಸಣ್ಣ ಹಳ್ಳದ, ಎರಡೂ ಬದಿಗಳಲ್ಲಿ ಚಕ್ಕುಲಿಯಂತೆ ಸುತ್ತಿಕೊಂಡ ಹಸಿರು ಚಿಗುರುಗಳು ತಲೆಯೆತ್ತುತ್ತವೆ. ಕೊಡವ ಮನೆಗಳಲ್ಲಿ ಇದನ್ನು ತೆರ್ಮೆ ತೊಪ್ಪು ಎನ್ನುತ್ತೇವೆ. ಹೂವೂ ಬೀಜವೂ ಇಲ್ಲದ ಜರಿಗಿಡಗಳ ಗುಂಪಿಗೆ ಸೇರಿದ ಈ ಗಿಡದ ವೈಜ್ಞಾನಿಕ ಹೆಸರು ಡಿಪ್ಲೇಜಿಯಮ್ ಎಸ್ಕುಲೆಂಟಮ್. ಎಸ್ಕುಲೆಂಟಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತಿನ್ನಲು ಯೋಗ್ಯವಾದದ್ದು ಎಂದರ್ಥ. ಅಸ್ಸಾಮಿನವರು ಢೇಕಿಯಾ ಎಂದು ಕರೆದು ಬೇಯಿಸುವುದೂ ಇದೇ ಸೊಪ್ಪನ್ನು.

ಇದರ ರುಚಿ ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ತೋಡಿನ ದಡವನ್ನು ಮಳೆಗಾಲದುದ್ದಕ್ಕೂ ಹಿಡಿದು ನಿಲ್ಲಿಸುವ ಗಿಡವೆಂದು ಇದನ್ನು ನೋಡುವವರು ಕಡಿಮೆ; ಹಾಗಾಗಿಯೇ ಜುಲೈಯಲ್ಲಿ ಆಸೆಯಿಂದ ಕೊಯ್ದ ಗಿಡವನ್ನೇ ನವೆಂಬರಿನಲ್ಲಿ ಕಳೆಯೆಂದು ಕಡಿದು ಹಾಕುವುದು ಎಷ್ಟೋ ತೋಟಗಳಲ್ಲಿ ನಡೆಯುತ್ತದೆ. ತೋಟದ ಅಥವಾ ಗದ್ದೆಯ ಅಂಚಿನಲ್ಲಿ ಒಂದು ತೋಡು, ಒಂದು ಒರತೆ, ಕಡೆಗೆ ವರ್ಷವಿಡೀ ತೇವವಿರುವ ಒಂದು ತಗ್ಗು ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಜಾಗ ಮತ್ತು ಕಾಲ

ತೆರ್ಮೆಗೆ ಬೇಕಾದದ್ದು ಮೂರು: ಒಣಗದ ಮಣ್ಣು, ಅರೆನೆರಳು, ಹರಿಯುವ ನೀರಿನ ಸಾಮೀಪ್ಯ. ಕಾಫಿ ತೋಟದ ನಡುವಿನ ತೋಡು, ಗದ್ದೆಯ ಮೇಲಂಚಿನ ಕಾಲುವೆ, ಕೊಲ್ಲಿಯ (ಬೆಟ್ಟದ ಸಂದಿನ ಹಳ್ಳದ) ಬಾಯಿ, ಹಳೆಯ ಕೆರೆಯ ಹಿನ್ನೀರಿನ ಕೆಸರು ಇವೆಲ್ಲ ಅದರ ಜಾಗಗಳು. ಬಾಣೆಯ (ಗದ್ದೆಗೆ ಸೇರಿದ ಎತ್ತರದ ಜಮೀನಿನ) ಒಣ ಇಳಿಜಾರಿನಲ್ಲಿ, ಬಿಸಿಲು ಬೀಳುವ ಹುಲ್ಲುಗಾವಲಿನಲ್ಲಿ ಸುರುಳಿ ಚಿಗುರು ಕಂಡರೆ ಅದು ತೆರ್ಮೆಯಲ್ಲವೆಂದೇ ಮೊದಲು ಭಾವಿಸಬೇಕು.

ಬೇಸಿಗೆಯಲ್ಲಿ ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದ ಮೇಲೆ ಅಲ್ಲೊಂದು ಇಲ್ಲೊಂದು ಚಿಗುರು ಕಾಣಿಸಿಕೊಂಡರೂ ಕೊಯ್ಯುವಷ್ಟು ಸಿಗುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಕಕ್ಕಡ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಅವಧಿ, ಇದರ ನಿಜವಾದ ಸುಗ್ಗಿ. ಆ ದಿನಗಳಲ್ಲಿ ತೋಡಿನ ಬದಿಗೆ ಹೋಗುವವರು ಮೊಣಕಾಲಿನವರೆಗೆ ಸುಣ್ಣ ಮತ್ತು ಹೊಗೆಸೊಪ್ಪು ಸವರಿಕೊಂಡು ಹೋಗುವುದು ಒಳ್ಳೆಯದು. ಇಂಬಳಗಳ ಸುಗ್ಗಿಯೂ ಅದೇ ತಿಂಗಳಲ್ಲಿ. ಮೇಲೆ ಭಾರಿ ಮಳೆಯಾಗಿ ತೋಡಿನ ನೀರು ಕೆಂಪಾಗಿ ಏರುತ್ತಿದ್ದರೆ ಅಂದು ಹೋಗಬಾರದು.

ಎರಡನೆಯ ಹೆಜ್ಜೆ: ಅನುಮಾನಕ್ಕೆ ಎಡೆಯಿಲ್ಲದಂತೆ ಗುರುತಿಸುವುದು

ಈ ಹೆಜ್ಜೆಯಲ್ಲಿ ಅವಸರ ಸಲ್ಲದು. ಪಶ್ಚಿಮ ಘಟ್ಟಗಳಲ್ಲಿ 300ಕ್ಕೂ ಹೆಚ್ಚು ಬಗೆಯ ಜರಿಗಿಡಗಳೂ ಅವುಗಳ ಬಂಧುಗಳೂ ಇವೆ. ಅವುಗಳಲ್ಲಿ ಬಹುಪಾಲಿನ ಎಳೆಯ ಎಲೆ ಸುರುಳಿಯಾಗಿಯೇ ಹುಟ್ಟುತ್ತದೆ. ಸುರುಳಿಯೊಂದನ್ನೇ ನಂಬಿ ಕೊಯ್ದರೆ ತಪ್ಪು ಸೊಪ್ಪು ಅಡುಗೆಮನೆಗೆ ಬರುವುದು ಖಂಡಿತ.

ಬುಡವನ್ನು ಮೊದಲು ನೋಡಬೇಕು. ತೆರ್ಮೆಯ ಕಾಂಡ ಗಿಡ್ಡವಾಗಿ ನೆಟ್ಟಗೆ ನಿಂತಿರುತ್ತದೆ; ಹಳೆಯ ಗಿಡಗಳಲ್ಲಿ ಅದು ಮಣ್ಣಿನ ಮೇಲೆ ಗೇಣುದ್ದ ಬೆಳೆದು ಚಿಕ್ಕ ಬೊಡ್ಡೆಯಂತೆ ಕಾಣುತ್ತದೆ. ಎಲ್ಲ ಎಲೆಗಳೂ ಆ ಒಂದೇ ತಲೆಯಿಂದ ಸುತ್ತಲೂ ಹೊರಡುತ್ತವೆ, ಚಿಗುರುಗಳು ನಡುವಿನಿಂದ ಏಳುತ್ತವೆ. ಎಲೆದಂಟಿನ ಬುಡ ಕಪ್ಪಗಿದ್ದು, ಅದಕ್ಕೆ ಕಡುಕಂದು ಬಣ್ಣದ ತೆಳ್ಳನೆಯ ಹೊಟ್ಟಿನಂಥ ಪೊರೆಗಳು ಅಂಟಿಕೊಂಡಿರುತ್ತವೆ. ಮೇಲಕ್ಕೆ ಹೋದಂತೆ ದಂಟು ನುಣುಪಾಗಿ ಹಸಿರಾಗುತ್ತದೆ. ಬೆರಳಾಡಿಸಿದರೆ ಕೂದಲು ಸಿಗುವುದಿಲ್ಲ, ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಜಾಡು ಸಿಗುತ್ತದೆ. ಚಿಗುರನ್ನು ಮುರಿದರೆ ಬೆಂಡೆಕಾಯಿಯಂತೆ ಸ್ವಲ್ಪ ಲೋಳೆ ಬರುತ್ತದೆ.

ಅನಂತರ ಅದೇ ಗಿಡದ ಬಲಿತ ಎಲೆಯೊಂದನ್ನು ತಿರುಗಿಸಿ, ಬೆಳಕಿಗೆ ಹಿಡಿದು ನೋಡಬೇಕು. ಒಂದೂವರೆ ಮೀಟರ್‌ವರೆಗೂ ಉದ್ದ ಬೆಳೆಯುವ ಈ ಎಲೆ ಎರಡು ಬಾರಿ ಕವಲೊಡೆದಿರುತ್ತದೆ: ನಡುದಂಟಿನಿಂದ ಪಕ್ಕದ ದಂಟುಗಳು, ಅವುಗಳಿಂದ ಕಿರುಎಲೆಗಳು. ಎಳೆಯ ಗಿಡಗಳಲ್ಲಿ ಮಾತ್ರ ಎಲೆ ಒಂದೇ ಬಾರಿ ಕವಲೊಡೆದಿದ್ದು ನೋಡುವವರನ್ನು ಗಲಿಬಿಲಿಗೊಳಿಸುತ್ತದೆ. ಕಿರುಎಲೆಯ ನರಗಳು ಗುಂಪುಗುಂಪಾಗಿದ್ದು, ಒಂದು ಗುಂಪಿನ ಕೆಳಗಿನ ಕವಲು ಪಕ್ಕದ ಗುಂಪಿನ ಕವಲನ್ನು ನಡುವಿನಲ್ಲಿ ಕೂಡುತ್ತದೆ. ಹೀಗೆ ಕೂಡಿದ ನರಗಳು ಒಂದರ ಮೇಲೊಂದು ಜೋಡಿಸಿದ ಬಾಣದ ಮೊನೆಗಳಂತೆ ಕಾಣುತ್ತವೆ. ಸೆಪ್ಟೆಂಬರ್ ಕಳೆದ ಮೇಲಾದರೆ ಆ ನರಗಳ ಉದ್ದಕ್ಕೂ ಎಲೆಯ ಅಡಿಯಲ್ಲಿ ಕಂದು ಗೆರೆಗಳು ಮೂಡಿರುತ್ತವೆ. ಗಿಡ ಬೀಜದ ಬದಲಿಗೆ ಗಾಳಿಗೆ ತೂರುವ ಬೀಜಕಗಳು ಹುಟ್ಟುವುದು ಈ ಗೆರೆಗಳಲ್ಲಿ. ಗೆರೆಯಾಗಿರದೆ ದುಂಡನೆಯ ಚುಕ್ಕೆಗಳಿದ್ದು, ಎಲೆಯ ಮೇಲೆ ಬೂದು ಬಣ್ಣದ ಮೃದು ರೋಮಗಳಿದ್ದರೆ ಅದು ಚರಂಡಿಗಳ ಬದಿಯಲ್ಲಿ ಎಲ್ಲೆಲ್ಲೂ ಬೆಳೆಯುವ ಕ್ರಿಸ್ಟೆಲ್ಲಾ ಎಂಬ ಬೇರೆ ಜರಿಗಿಡ. ಅದು ತೋಡಿಗೆ ಒಳ್ಳೆಯದೇ, ಆದರೆ ಅಡುಗೆಗೆ ಬಾರದು.

ಎಲ್ಲಕ್ಕಿಂತ ಎಚ್ಚರದಿಂದ ದೂರವಿಡಬೇಕಾದದ್ದು ಟೆರಿಡಿಯಮ್ ಎಂಬ ಬೆಟ್ಟದ ಜರಿಗಿಡವನ್ನು. ಬೆಂಕಿ ಬಿದ್ದ ಇಳಿಜಾರುಗಳಲ್ಲಿ, ರಸ್ತೆ ಕಡಿದ ಬದಿಗಳಲ್ಲಿ, ತೆರೆದ ಹುಲ್ಲುಬೆಟ್ಟಗಳಲ್ಲಿ ಇದು ದಟ್ಟವಾಗಿ ಹಬ್ಬುತ್ತದೆ. ಇದಕ್ಕೆ ತೆರ್ಮೆಯಂತೆ ಒಂದು ಬುಡವಿಲ್ಲ. ಮಣ್ಣಿನೊಳಗೆ ಉದ್ದಕ್ಕೆ ಹರಿಯುವ ಕಾಂಡದಿಂದ ಎಲೆಗಳು ಒಂದೊಂದಾಗಿ, ದೂರ ದೂರ ಏಳುತ್ತವೆ. ಚಿಗುರಿನ ಮೇಲೆ ಪೊರೆಗಳ ಬದಲು ರೋಮಗಳಿರುತ್ತವೆ, ಬೀಜಕಗಳು ಎಲೆಯ ಮಡಿಚಿದ ಅಂಚಿನ ಕೆಳಗೆ ಅಡಗಿರುತ್ತವೆ. ಇದರಲ್ಲಿರುವ ಟಾಕ್ವಿಲೋಸೈಡ್ ಎಂಬ ವಸ್ತು ಕ್ಯಾನ್ಸರ್‌ಕಾರಕ. ಇದನ್ನು ಬಹಳ ಕಾಲ ಮೇಯ್ದ ದನಗಳ ಮೂತ್ರದಲ್ಲಿ ರಕ್ತ ಬರುವ ಕಾಯಿಲೆ ಅನೇಕ ದೇಶಗಳಲ್ಲಿ ದಾಖಲಾಗಿದೆ. ಬುಡ, ದಂಟು, ನರ, ಜಾಗ ಈ ನಾಲ್ಕೂ ಹೊಂದಿದರೆ ಮಾತ್ರ ಕೈ ಹಾಕಬೇಕು. ಒಂದು ಹೊಂದದಿದ್ದರೂ ಬಿಟ್ಟು ಬರಬೇಕು. ಮೊದಲ ವರ್ಷ ಊರಿನಲ್ಲಿ ಈ ಸೊಪ್ಪನ್ನು ಕೊಯ್ದು ಪಳಗಿದ ಹಿರಿಯರೊಬ್ಬರ ಜೊತೆಗೇ ಹೋಗುವುದು ಕ್ಷೇಮ.

ಮೂರನೆಯ ಹೆಜ್ಜೆ: ಕೊಯ್ಯುವುದು

ನಮ್ಮ ಅವ್ವ ತೆರ್ಮೆಗೆ ಹೋಗುವಾಗ ಕತ್ತಿ ಒಯ್ಯುತ್ತಿರಲಿಲ್ಲ. “ಕೈಯಲ್ಲಿ ಮುರಿ. ಟಕ್ ಅಂತ ಮುರಿದರೆ ಅದು ಎಳೆಯದು, ಬಾಗಿದರೆ ಬಿಟ್ಟುಬಿಡು” ಎನ್ನುತ್ತಿದ್ದರು. ಇದಕ್ಕಿಂತ ಒಳ್ಳೆಯ ಸೂತ್ರವನ್ನು ನಾನು ಬೇರೆಲ್ಲೂ ಕೇಳಿಲ್ಲ. ಬಲಿತ ದಂಟು ನಾರಾಗಿರುವುದರಿಂದ ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಕತ್ತಿ ಹಿಡಿದವರು ಬುಡದ ತನಕ ಕತ್ತರಿಸುತ್ತಾರೆ. ಆಗ ನಡುವಿನಲ್ಲಿ ಇನ್ನೂ ಹೊರಬರದ ಮೊಗ್ಗುಗಳೂ ಸೇರಿ ಕತ್ತರಿಸಿ ಹೋಗುತ್ತವೆ.

ಒಂದು ಬುಡದಲ್ಲಿ ಐದಾರು ಚಿಗುರಿದ್ದರೆ ನಾನು ಎರಡನ್ನು ತೆಗೆಯುತ್ತೇನೆ. ಎರಡು ಮೂರೇ ಇದ್ದ ಬುಡವನ್ನು ಮುಟ್ಟುವುದಿಲ್ಲ. ಜರಿಗಿಡದ ಒಂದೊಂದು ಚಿಗುರೂ ಒಂದೊಂದು ಪೂರ್ಣ ಎಲೆ. ಮರದ ಕೊಂಬೆ ಚಿವುಟಿದಂತೆ ಪಕ್ಕದಿಂದ ಮತ್ತೆ ನಾಲ್ಕು ಒಡೆಯುವುದಿಲ್ಲ. ಬಿಟ್ಟ ಚಿಗುರುಗಳು ಬಿಡಿಸಿಕೊಂಡು ಅಗಲವಾದಾಗಲೇ ಬುಡಕ್ಕೆ ಆಹಾರ ಸೇರುವುದು, ಮುಂದಿನ ಬೇಸಿಗೆ ದಾಟಲು ಅದಕ್ಕೆ ಬಲ ಬರುವುದು. ಒಮ್ಮೆ ಕೊಯ್ದ ಬುಡಕ್ಕೆ ಮೂರು ವಾರ ಕೈ ಹಚ್ಚುವುದಿಲ್ಲವೆಂದು ನಿಯಮ ಮಾಡಿಕೊಳ್ಳಬೇಕು, ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಆ ವರ್ಷದ ಕೊಯ್ಲನ್ನು ಪೂರ್ತಿ ನಿಲ್ಲಿಸಬೇಕು.

ಎಲ್ಲಿಂದ ಕೊಯ್ಯಬಾರದು ಎಂಬುದೂ ಅಷ್ಟೇ ಮುಖ್ಯ. ಕಳೆನಾಶಕ ಹೊಡೆದ ತೋಟದ ಕೆಳಗಿನ ತೋಡು, ಬೋರ್ಡೋ ದ್ರಾವಣವೆಂಬ ಶಿಲೀಂಧ್ರನಾಶಕ ಸಿಂಪಡಿಸಿ ಕೆಲವೇ ದಿನಗಳಾದ ಜಾಗ, ಪೇಟೆಯ ಚರಂಡಿ, ವಾಹನ ತೊಳೆಯುವ ಕಡವು ಇವುಗಳನ್ನು ಬಿಡಬೇಕು. ಜರಿಗಿಡಗಳಲ್ಲಿ ಕೆಲವು ಮಣ್ಣಿನ ವಿಷಲೋಹಗಳನ್ನು ಹೀರಿ ಎಲೆಯಲ್ಲಿ ಕೂಡಿಡುತ್ತವೆ. ಟೆರಿಸ್ ವಿಟ್ಟಾಟಾ ಎಂಬ ಜರಿಗಿಡ ಆರ್ಸೆನಿಕ್ಕನ್ನು ಅಪಾರ ಪ್ರಮಾಣದಲ್ಲಿ ಹೀರುತ್ತದೆಂದು 2001ರಲ್ಲಿ ಗೊತ್ತಾಯಿತು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನದೊಳಗಿಂದ ಅನುಮತಿಯಿಲ್ಲದೆ ಗಿಡಗಳನ್ನು ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳೂ ನಾಗರಹೊಳೆಯೂ ಇದಕ್ಕೆ ಸೇರಿದವು. ದೇವರಕಾಡಿನ ತೋಡುಗಳನ್ನು ಕಾಯಿದೆ ಹೇಳಲಿ ಬಿಡಲಿ, ಮುಟ್ಟದಿರುವುದೇ ನಮ್ಮ ಹಿರಿಯರ ಕಟ್ಟಳೆ. ಸುತ್ತಲಿನ ತೋಡುಗಳಿಗೆಲ್ಲ ಬೀಜಕಗಳು ಗಾಳಿಯಲ್ಲಿ ತೇಲಿ ಬರುವುದು ಅಂಥ ಜಾಗಗಳಿಂದ.

ಅಡುಗೆಮನೆಯ ಮಾತು

ಹಸಿಯಾಗಿ ತಿನ್ನಬಾರದು. ಅನೇಕ ಜರಿಗಿಡಗಳ ಹಸಿ ಚಿಗುರಿನಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವವಿರುತ್ತದೆ, ಬೇಯಿಸಿದರೆ ಅದು ನಾಶವಾಗುತ್ತದೆ. ಚಿಗುರುಗಳನ್ನು ಅರಿಸಿನ ಮತ್ತು ಉಪ್ಪು ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸುರುಳಿಯೊಳಗೆ ಸೇರಿಕೊಂಡ ಪೊರೆ ಮತ್ತು ಹುಳುಗಳನ್ನು ಬೆರಳಿನಿಂದ ಉಜ್ಜಿ ತೆಗೆದು, ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ ಆ ನೀರನ್ನು ಚೆಲ್ಲಬೇಕು. ಚೆಲ್ಲಿದರೆ ರುಚಿ ಹೋಗುತ್ತದೆ ಎನ್ನುವವರಿದ್ದಾರೆ; ನಾನು ಚೆಲ್ಲುವವರ ಪಕ್ಷ. ಅನಂತರ ಸಾಸಿವೆ, ಬೆಳ್ಳುಳ್ಳಿ, ಈರುಳ್ಳಿ, ಗಾಂಧಾರಿ ಮೆಣಸಿನ ಒಗ್ಗರಣೆಯಲ್ಲಿ ಬಾಡಿಸಿ, ತೆಂಗಿನತುರಿ ಉದುರಿಸಿ, ಒಂದೆರಡು ತೊಟ್ಟು ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿದರೆ ಅಕ್ಕಿರೊಟ್ಟಿಗೆ ಬೇರೆ ಪಲ್ಯ ಬೇಡ. ಮಳೆಗಾಲದಲ್ಲಿ ನಾಲ್ಕಾರು ಬಾರಿ ಮಾಡುವ ಅಡುಗೆ ಇದು, ದಿನವೂ ತಿನ್ನುವ ತರಕಾರಿಯಲ್ಲ.

ತೋಡಿನ ಬದಿಯಲ್ಲಿ ಅದು ಮಾಡುವ ಕೆಲಸ

ಸುಮಾರು ಹತ್ತು ವರ್ಷಗಳ ಹಿಂದೆ, ನಮ್ಮ ಗದ್ದೆಯ ಮೇಲಿನ ತೋಡಿನ ಬದಿ ಚೊಕ್ಕಟವಾಗಿರಲೆಂದು ಮಳೆಗಾಲ ಮುಗಿದ ಮೇಲೆ ಕಳೆನಾಶಕ ಹೊಡೆಸಿದೆವು. ತೆರ್ಮೆ, ಕೆಸುವು, ಹುಲ್ಲು ಎಲ್ಲವೂ ಹದಿನೈದು ದಿನಗಳಲ್ಲಿ ಕಂದಾಗಿ ಮಲಗಿದವು. ಬೇಸಿಗೆಯಲ್ಲಿ ದಡ ಸಗಣಿ ಸಾರಿಸಿದ ಅಂಗಳದಂತೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಮರು ಜೂನ್‌ನ ಎರಡನೆಯ ವಾರದಲ್ಲಿ ಹತ್ತಡಿಯಷ್ಟು ದಡ ರಾತ್ರೋರಾತ್ರಿ ಕುಸಿದು, ಸಸಿಮಡಿಯ ಮೇಲೆ ಗೇಣುದ್ದ ಕೆಸರು ಬಿದ್ದಿತ್ತು. ಕುಸಿದ ಜಾಗದ ಅಂಚಿನಲ್ಲಿ ಔಷಧಿ ತಾಗದೆ ಉಳಿದಿದ್ದ ಒಂದು ತೆರ್ಮೆಯ ಬುಡ ತನ್ನ ಸುತ್ತಲಿನ ಮಣ್ಣನ್ನು ಹಾಗೆಯೇ ಹಿಡಿದುಕೊಂಡು, ಗೋಡೆಯಿಂದ ಹೊರಚಾಚಿದ ಕಲ್ಲಿನಂತೆ ನಿಂತಿತ್ತು. ಅದರ ಬೇರುಗಳನ್ನು ನಾನು ಹತ್ತಿರದಿಂದ ನೋಡಿದ್ದು ಅಂದೇ: ಕಪ್ಪಗೆ, ತಂತಿಯಂತೆ, ಲೆಕ್ಕವಿಲ್ಲದಷ್ಟು ಎಳೆಗಳು ಒಂದರೊಳಗೊಂದು ಹೆಣೆದುಕೊಂಡು, ಎಳೆಎಳೆಗೂ ಮಣ್ಣಿನ ಹರಳು ಕಚ್ಚಿಕೊಂಡಿತ್ತು.

ಆ ಹೆಣಿಗೆಯೇ ದಡದ ಮೇಲ್ಪದರವನ್ನು ಕಾಯುವುದು. ಅಗಲವಾದ ಎಲೆಗಳು ಮಳೆಹನಿಯ ಹೊಡೆತವನ್ನು ತಾವು ತೆಗೆದುಕೊಂಡು ನೀರನ್ನು ಮೆಲ್ಲಗೆ ಕೆಳಗಿಳಿಸುತ್ತವೆ. ಇಳಿಜಾರಿನಿಂದ ಹರಿದು ಬರುವ ನೀರು ಬುಡಗಳ ನಡುವೆ ಸುತ್ತಿ ಸುಳಿದು ಬರುವಾಗ ಹೊತ್ತು ತಂದ ಮಣ್ಣನ್ನು ಅಲ್ಲೇ ಬಿಡುತ್ತದೆ. ಒಣಗಿ ಬಿದ್ದ ಹಳೆಯ ಎಲೆಗಳು ಕೊಳೆತು ಕಪ್ಪು ಮಣ್ಣಾಗುತ್ತವೆ, ಸ್ವಲ್ಪ ಭಾಗ ನೀರಿಗೆ ಬಿದ್ದು ತೋಡಿನ ಕೀಟಗಳಿಗೂ ಏಡಿಗಳಿಗೂ ಆಹಾರವಾಗುತ್ತದೆ. ನೀರಿನ ಮೇಲೆ ಬಾಗಿದ ಎಲೆಗಳ ನೆರಳಿನಲ್ಲಿ ತೋಡು ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಅದೇ ಎಲೆಗಳ ಮೇಲೆ ಕಪ್ಪೆಗಳು ಕುಳಿತು ಕೂಗುವುದು ಕಾಣುತ್ತದೆ. ಹಗಲಿನಲ್ಲಿ ಅಲ್ಲೇ ಏರೋಪ್ಲೇನ್ ಚಿಟ್ಟೆಗಳು ವಿಶ್ರಮಿಸುತ್ತವೆ. ದಡ ಬೋಳಾದರೆ ಆ ಜಾಗಕ್ಕೆ ಮೊದಲು ಬರುವುದು ಮೈಕೇನಿಯಾ ಬಳ್ಳಿ, ಕಮ್ಯುನಿಸ್ಟ್ ಗಿಡ, ಲಂಟಾನ ಇಂಥ ಹೊರನಾಡಿನ ಕಳೆಗಳು. ಅವುಗಳನ್ನು ಕೀಳುವ ಕೂಲಿಯೇ ವರ್ಷವರ್ಷವೂ ಬೆಳೆಯುತ್ತ ಹೋಗುತ್ತದೆ.

ಒಂದು ವಿಷಯವನ್ನು ಇಲ್ಲಿ ಸ್ಪಷ್ಟಪಡಿಸಬೇಕು. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ ಬೆಟ್ಟಗಳೇ ಜಾರಿದಂಥ ಭೂಕುಸಿತವನ್ನು ಯಾವ ಜರಿಗಿಡವೂ ತಡೆಯಲಾರದು. ಅಲ್ಲಿ ಸಡಿಲವಾಗುವುದು ಆಳದ ಮಣ್ಣು. ತೆರ್ಮೆಯ ಬೇರಿನ ಹಿಡಿತವಿರುವುದು ಮೇಲಿನ ಪದರದ ಮೇಲೆ ಮಾತ್ರ. ತೋಡಿನ ಬದಿ ಸವೆಯುವುದನ್ನು ಅದು ನಿಲ್ಲಿಸುತ್ತದೆ, ಗದ್ದೆಯ ಕಾಲುವೆ ಹೂಳು ತುಂಬುವುದನ್ನು ಕಡಿಮೆ ಮಾಡುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರ ತಲೆಯ ಮೇಲೆ ಹೊರಿಸುವುದು ಸರಿಯಲ್ಲ.

ನಾಲ್ಕನೆಯ ಹೆಜ್ಜೆ: ಬರಿದಾದ ದಡಕ್ಕೆ ಮತ್ತೆ ತರುವುದು

ಸುಲಭದ ದಾರಿ ಮರಿಗಳನ್ನು ನೆಡುವುದು. ಹಳೆಯ ತೆರ್ಮೆಯ ಬೇರುಗಳಿಂದ ಪಕ್ಕದಲ್ಲಿ ಮರಿಗಿಡಗಳು ಏಳುತ್ತವೆ. ಜೂನ್ ಮಧ್ಯದಲ್ಲಿ, ಮಣ್ಣು ಚೆನ್ನಾಗಿ ನೆನೆದ ಮೇಲೆ, ನಿಮ್ಮದೇ ಜಾಗದ ಅಥವಾ ಒಪ್ಪಿಗೆ ಕೊಟ್ಟ ನೆರೆಯವರ ತೋಟದ ದಟ್ಟ ಗುಂಪಿನಿಂದ ಮೂರು ನಾಲ್ಕು ಎಲೆಗಳಿರುವ ಮರಿಗಳನ್ನು ಮಣ್ಣುಗಟ್ಟಿಯ ಸಮೇತ ಎತ್ತಬೇಕು. ತಾಯಿಬುಡವನ್ನು ಅಲುಗಿಸಬಾರದು. ನೆಡುವಾಗ ಪ್ರವಾಹದ ನೀರು ನೇರವಾಗಿ ಬಡಿಯುವ ಗೆರೆಗಿಂತ ಒಂದಡಿ ಮೇಲೆ, ಎರಡಡಿಗೆ ಒಂದರಂತೆ, ಸಾಲಾಗಿರದೆ ಒಂದು ಮೇಲೆ ಒಂದು ಕೆಳಗೆ ಬರುವಂತೆ ನೆಡಬೇಕು. ಬೆಳೆಯುವ ತಲೆ ಮಣ್ಣಿನ ಮೇಲೇ ಇರಬೇಕು. ಅದು ಹೂತುಹೋದರೆ ಕೊಳೆಯುತ್ತದೆ. ಸುತ್ತಲೂ ತರಗೆಲೆ ಹೊದಿಸಿ, ಅದು ಕೊಚ್ಚಿಹೋಗದಂತೆ ಎರಡು ಕಲ್ಲು ಇಟ್ಟರೆ ಸಾಕು. ಗೊಬ್ಬರದ ಅಗತ್ಯವಿಲ್ಲ. ನೆಟ್ಟ ಎರಡು ಮಳೆಗಾಲ ಆ ಗಿಡಗಳಿಂದ ಒಂದು ಚಿಗುರನ್ನೂ ಮುರಿಯಬಾರದು.

ತಾಳ್ಮೆಯಿದ್ದವರು, ಅದರಲ್ಲೂ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದವರು, ಬೀಜಕದಿಂದಲೂ ಬೆಳೆಸಿ ನೋಡಬೇಕು. ಅಕ್ಟೋಬರ್ ಅಥವಾ ನವೆಂಬರಿನಲ್ಲಿ ಅಡಿಭಾಗದ ಗೆರೆಗಳು ಕಂದಾಗಿ ಉಬ್ಬಿದ ಎಲೆಯ ತುಂಡೊಂದನ್ನು ಬಿಳಿ ಕಾಗದದ ನಡುವೆ ಎರಡು ದಿನ ಇಟ್ಟರೆ, ಕಾಗದದ ಮೇಲೆ ನರಗಳ ಆಕಾರದಲ್ಲೇ ಕಂದು ಪುಡಿ ಉದುರಿರುತ್ತದೆ. ಒಂದು ಹಳೆಯ ಇಟ್ಟಿಗೆಯ ತುಂಡಿನ ಮೇಲೆ ಕುದಿಯುವ ನೀರು ಸುರಿದು, ಆರಿದ ಮೇಲೆ ಅದನ್ನು ನೀರಿರುವ ತಟ್ಟೆಯಲ್ಲಿಟ್ಟು, ಆ ಪುಡಿಯನ್ನು ಅದರ ಮೇಲೆ ತೆಳುವಾಗಿ ಉದುರಿಸಿ ಗಾಜಿನ ಭರಣಿ ಕವುಚಬೇಕು. ಬಿಸಿಲು ಬೀಳದ ಕಿಟಕಿಯ ಬಳಿ ಇಟ್ಟರೆ ಕೆಲವು ವಾರಗಳಲ್ಲಿ ಇಟ್ಟಿಗೆ ಹಸಿರಾಗುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಹಸಿರು ಹೃದಯದ ಆಕಾರದ, ಕೆಲವೇ ಮಿಲಿಮೀಟರ್ ಅಗಲದ ಪುಟ್ಟ ಎಲೆಗಳಾಗಿ ಕಾಣುತ್ತದೆ. ಇದಕ್ಕೆ ಪ್ರೋಥಾಲಸ್ ಎಂದು ಹೆಸರು. ಗಂಡು ಹೆಣ್ಣಿನ ಕೂಡಿಕೆ ನಡೆಯುವುದು ಇದರ ಅಡಿಯಲ್ಲಿ, ಅದೂ ನೀರಿನ ಪದರವಿದ್ದರೆ ಮಾತ್ರ. ಗಂಡುಕೋಶ ಅಕ್ಷರಶಃ ಈಜಿಕೊಂಡು ಹೆಣ್ಣುಕೋಶವನ್ನು ಸೇರಬೇಕು. ತೇವ ಆರಿದ ತೋಡಿನಲ್ಲಿ ಹಳೆಯ ತೆರ್ಮೆಗಳು ಹೇಗೋ ಉಸಿರು ಹಿಡಿದಿದ್ದರೂ ಬೀಜಕದಿಂದ ಹೊಸ ಗಿಡ ಹುಟ್ಟದಿರುವುದಕ್ಕೆ ಕಾರಣ ಇದೇ. ಇಟ್ಟಿಗೆಯ ಮೇಲೆ ಮೊದಲ ಸುರುಳಿ ಕಾಣಲು ಹಲವು ತಿಂಗಳು ಬೇಕಾಗುತ್ತದೆ. ಅಲ್ಲಿಯವರೆಗೆ ತಟ್ಟೆಯ ನೀರು ಬತ್ತಬಾರದು.

ವರ್ಷದ ಉಳಿದ ತಿಂಗಳುಗಳಲ್ಲಿ

ತೋಡಿನ ಎರಡೂ ಬದಿಯಲ್ಲಿ ಕನಿಷ್ಠ ಹತ್ತಡಿ ಅಗಲದ ಪಟ್ಟಿಯನ್ನು ಕಳೆನಾಶಕವಿಲ್ಲದೆ ಬಿಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಕಳೆ ತೆಗೆಸುವ ದಿನ ಕೆಲಸದವರಿಗೆ ಬಾಯಲ್ಲಿ ಹೇಳಿದರೆ ಸಾಲದು. ಹಿಂದಿನ ದಿನವೇ ಹೋಗಿ ಪಟ್ಟಿಯ ಅಂಚಿನಲ್ಲಿ ಬಿದಿರಿನ ಗೂಟ ಹೊಡೆದು, ಬಣ್ಣದ ಬಟ್ಟೆ ಕಟ್ಟಿ ಬರಬೇಕು. ಪಟ್ಟಿಯೊಳಗೆ ಮೈಕೇನಿಯಾ ಬಂದರೆ ಕೈಯಿಂದ ಕೀಳಿಸಬೇಕು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಕಾಫಿ ಪಲ್ಪಿಂಗ್ ಮಾಡಿದ (ಹಣ್ಣಿನ ಸಿಪ್ಪೆ ಬಿಡಿಸಿದ) ನೀರು ನೇರವಾಗಿ ತೋಡಿಗೆ ಸೇರದಂತೆ ನೋಡಿಕೊಳ್ಳಬೇಕು. ಅದು ಹುಳಿಯಾಗಿ, ನೀರಿನಲ್ಲಿರುವ ಆಮ್ಲಜನಕವನ್ನು ಬರಿದುಮಾಡಿ, ಏಡಿ ಮೀನುಗಳನ್ನು ಕೊಲ್ಲುತ್ತದೆ.

ಅತ್ಯಂತ ಕಷ್ಟದ ಕಾಲ ಫೆಬ್ರವರಿ ಮತ್ತು ಮಾರ್ಚ್. ರೋಬಸ್ಟಾ ಹೂವಿಗಾಗಿ ಎಲ್ಲರೂ ಸ್ಪ್ರಿಂಕ್ಲರ್ ಹಾಕುವ ಆ ವಾರಗಳಲ್ಲಿ ಮೇಲಿನ ತೋಟದವರೂ ಕೆಳಗಿನ ತೋಟದವರೂ ಒಂದೇ ತೋಡಿಗೆ ಪಂಪ್ ಇಳಿಸಿದರೆ, ಸಂಜೆಯ ಹೊತ್ತಿಗೆ ಗುಂಡಿಗಳಲ್ಲಿ ಮಾತ್ರ ನೀರು ಉಳಿದಿರುತ್ತದೆ. ನೀರನ್ನು ತೋಡಿನಿಂದಲೇ ಎತ್ತಬೇಕಾದವರು ಹರಿವು ಪೂರ್ತಿ ಕಡಿಯುವ ಮೊದಲೇ ನಿಲ್ಲಿಸಿ, ನೆರೆಯವರೊಡನೆ ದಿನ ಹಂಚಿಕೊಳ್ಳಬೇಕು. ತೋಡಿನ ಮೇಲಿನ ಇಳಿಜಾರಿನಲ್ಲಿ ತೊಟ್ಟಿಲುಗುಂಡಿಗಳನ್ನು (ತೊಟ್ಟಿಲಿನಾಕಾರದ ಇಂಗುಗುಂಡಿಗಳನ್ನು) ತೆಗೆದು ಮಳೆನೀರನ್ನು ಇಂಗಿಸಿದ್ದರೆ, ಆ ತೇವ ಬೇಸಿಗೆಯಲ್ಲಿ ನಿಧಾನವಾಗಿ ಕೆಳಗಿಳಿದು ದಡಕ್ಕೆ ಒದಗುತ್ತದೆ.

ಮಾರ್ಚ್ ಕೊನೆಯಲ್ಲಿ ಒಮ್ಮೆ ದಡದ ಉದ್ದಕ್ಕೂ ನಡೆದು ನೋಡಿ. ಹೊರಗಿನ ಹಳೆಯ ಎಲೆಗಳು ಒಣಗಿ ಜೋತಿದ್ದು ನಡುವಿನ ಒಂದೆರಡು ಎಲೆಗಳು ಹಸಿರಾಗಿದ್ದರೆ ಗಿಡ ಕ್ಷೇಮವಾಗಿದೆ. ಒಣಗಿದ ಎಲೆಗಳನ್ನು ಕೀಳದೆ ಬುಡಕ್ಕೆ ಹೊದಿಕೆಯಾಗಿ ಹಾಗೆಯೇ ಬಿಡಬೇಕು. ನಡುವಿನ ಎಲೆಗಳೂ ಸುಟ್ಟಂತಾಗಿದ್ದರೆ ಬೆರಳಿನಿಂದ ತಲೆಯನ್ನು ಮೆಲ್ಲಗೆ ಒತ್ತಿ ನೋಡಬೇಕು. ಅದು ಗಟ್ಟಿಯಾಗಿದ್ದರೆ ಒಂದೆರಡು ಕೊಡ ನೀರು ಹಾಕಿ ತರಗೆಲೆ ಮುಚ್ಚಿ ಬನ್ನಿ. ಹೂಮಳೆ ಬಿದ್ದ ಮೇಲೆ ಅಲ್ಲಿಂದಲೇ ಸುರುಳಿ ಏಳುತ್ತದೆ. ಆ ವರ್ಷ ಮಾತ್ರ ಅಂಥ ಬುಡಗಳಿಗೆ ಗುರುತಿನ ಕಡ್ಡಿ ಚುಚ್ಚಿಟ್ಟು, ಕಕ್ಕಡದಲ್ಲಿ ಅವುಗಳನ್ನು ಬಿಟ್ಟು ಬೇರೆ ಬುಡಗಳಿಂದ ಕೊಯ್ಯಿರಿ.